ಒಂದಲ್ಲ, ಎರಡು ದೋಷ: ಏಳದ ಹೊಸ ಕಂಪ್ಯೂಟರನ್ನು ನಾನು ಎಬ್ಬಿಸಿದ ಬಗೆ

ನಾನೇ ಬಿಡಿಭಾಗಗಳನ್ನು ಆರಿಸಿ ತಂದು, ನಾನೇ ಕೂತು ಜೋಡಿಸಿದ ಕಂಪ್ಯೂಟರ್ ಸುಮಾರು ಮೂರು ವಾರ ಏಳಲೇ ಇಲ್ಲ. ಆ ಅವಧಿಯಲ್ಲಿ ನನಗೆ ಸಲಹೆ ಕೊಟ್ಟವರು ಆರು ಜನ. ಮೂವರು ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಹೋಗಿದೆ ಎಂದರು, ಇಬ್ಬರು ಬಿಡಿಭಾಗಗಳೆಲ್ಲ ಕೂರುವ ಮದರ್‌ಬೋರ್ಡ್ ಹೋಗಿದೆ ಎಂದರು. ಜೋಡಣೆಯನ್ನೇ ಕಸುಬು ಮಾಡಿಕೊಂಡಿರುವ ಆರನೆಯವರು, "ಬೋರ್ಡನ್ನು ಹೊರಗೆ ತೆಗೆದು ಒಂದೊಂದೇ ಪರೀಕ್ಷಿಸುತ್ತ ಕೂರುವುದು ಬಿಡುವಿದ್ದವರ ಕೆಲಸ, ಭಾಗ ಬದಲಾಯಿಸಿ ನೋಡುವುದೇ ಹತ್ತಿರದ ದಾರಿ" ಎಂದು ನಕ್ಕರು. ಕೊನೆಗೆ ಅದು ಎದ್ದದ್ದು ಬೋರ್ಡನ್ನು ಹೊರಗೆ ತೆಗೆದು ಒಂದೊಂದೇ ಪರೀಕ್ಷಿಸಿದ್ದರಿಂದಲೇ. ಇದನ್ನು ಹೇಳಿಕೊಳ್ಳುವ ಹೆಮ್ಮೆಯೂ ಈ ಬರಹಕ್ಕೆ ಒಂದು ಕಾರಣವೆಂಬುದನ್ನು ನಾನು ಮುಚ್ಚಿಡುವುದಿಲ್ಲ.

ಸಾಮಾನು ಸಾಧಾರಣದ್ದೇ: ರೈಜನ್ 5 5600 ಪ್ರೊಸೆಸರ್, ಬಿ450 ಚಿಪ್‌ಸೆಟ್‌ನ ಮೈಕ್ರೋ ಎಟಿಎಕ್ಸ್ ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್, 550 ವ್ಯಾಟ್‌ನ ಎಸ್‌ಎಂಪಿಎಸ್, ಹಳೆಯ ಯಂತ್ರದಿಂದ ಬಿಚ್ಚಿದ ಗ್ರಾಫಿಕ್ಸ್ ಕಾರ್ಡ್. ಬೋರ್ಡ್ ಬಹಳ ಕಾಲ ಮಾರಾಟವಾಗದೆ ಉಳಿದಿದ್ದ ಸರಕಾದ್ದರಿಂದ ಅಗ್ಗಕ್ಕೆ ಸಿಕ್ಕಿತ್ತು. ಅದರ ಪೆಟ್ಟಿಗೆಯ ಮೇಲೆ ರೈಜನ್ 3000 ಸರಣಿಯ ಪ್ರೊಸೆಸರುಗಳಿಗೆ ಸಿದ್ಧವೆಂಬ ಚೀಟಿ ಅಂಟಿಸಿದ್ದರು. ನಾನದನ್ನು ಓದಿದೆ, ಓದಿ ಮರೆತೆ.

ಗುಂಡಿ ಒತ್ತಿದಾಗ ಪ್ರೊಸೆಸರ್‌ನ ಫ್ಯಾನ್ ಅರ್ಧ ಸುತ್ತು ಮಿಡುಕಿ ನಿಂತುಬಿಡುತ್ತಿತ್ತು. ಮತ್ತೆ ಗುಂಡಿ ಒತ್ತಿದರೆ ಆ ಮಿಡುಕೂ ಇಲ್ಲ. ಎಸ್‌ಎಂಪಿಎಸ್‌ನ ಹಿಂಬದಿಯ ಸ್ವಿಚ್ಚನ್ನು ಆರಿಸಿ, ಹತ್ತು ಹದಿನೈದು ಸೆಕೆಂಡ್ ಬಿಟ್ಟು ಹಾಕಿದರೆ ಮಾತ್ರ ಇನ್ನೊಮ್ಮೆ ಅದೇ ಅರ್ಧ ಸುತ್ತು. ಈ ಕೊನೆಯ ಲಕ್ಷಣವೇ ಅರ್ಧ ಉತ್ತರವಾಗಿತ್ತು, ಏಕೆಂದರೆ ಎಲ್ಲೋ ಶಾರ್ಟ್ ಸರ್ಕ್ಯೂಟ್ ಆದಾಗ ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಳ್ಳಲು ಬೀಗ ಹಾಕಿಕೊಳ್ಳುತ್ತದೆ, ಮೂಲ ವಿದ್ಯುತ್ತನ್ನು ಕಡಿದು ಕೊಡುವವರೆಗೆ ಆ ಬೀಗ ತೆರೆಯುವುದಿಲ್ಲ. ನಾನಾದರೋ ಎಸ್‌ಎಂಪಿಎಸ್ ದುರ್ಬಲವಾಗಿದೆ ಎಂದು ಅರ್ಥ ಮಾಡಿಕೊಂಡು 750 ವ್ಯಾಟ್‌ನ ಹೊಸದೊಂದನ್ನು ತಂದೆ. ಅದೂ ಅರ್ಧ ಸುತ್ತು ತಿರುಗಿಸಿ ಬೀಗ ಹಾಕಿಕೊಂಡಿತು. ಇಡೀ ಯಂತ್ರದ ವೆಚ್ಚದಲ್ಲಿ ಸುಮಾರು ಹತ್ತನೇ ಒಂದು ಭಾಗ ಅಲ್ಲಿಗೆ ಹೋಯಿತು, ಪೆಟ್ಟಿಗೆ ಒಡೆದಿದ್ದರಿಂದ ಹಿಂದಿರುಗಿಸುವ ಮಾತೂ ಇರಲಿಲ್ಲ. ಹಳೆಯ ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರಿನಲ್ಲಿ ಹಸಿರು ತಂತಿಯನ್ನೂ ಕಪ್ಪು ತಂತಿಯನ್ನೂ ಒಂದು ತುಂಡು ತಂತಿಯಿಂದ ಸೇರಿಸಿ, ಬೋರ್ಡಿಲ್ಲದೆಯೇ ಅದನ್ನು ಚಾಲೂ ಮಾಡಿ ನೋಡುವ ಬುದ್ಧಿ ನನಗೆ ಬಂದದ್ದು ಇದಾದ ಮೇಲೆ. ಆಗ ಅದರ ಫ್ಯಾನ್ ಸರಾಗವಾಗಿ ತಿರುಗಿತು, ಮೀಟರಿನಲ್ಲಿ 12, 5, 3.3 ವೋಲ್ಟ್ ಇರಬೇಕಾದಲ್ಲಿ 12.1, 5.06, 3.34 ವೋಲ್ಟ್ ಕಾಣಿಸಿತು. ಶೇಕಡಾ 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿರುವಾಗ ಇದನ್ನು ದುರ್ಬಲವೆನ್ನಲು ಯಾವ ಆಧಾರವೂ ಇರಲಿಲ್ಲ.

ಇನ್ನೊಂದು ಜೋಡಿ ರ‍್ಯಾಮ್ ತಂದು ಕಳೆದುಕೊಂಡ ಹಣದ ವಿಷಯ ಬಿಡುತ್ತೇನೆ. ಹಣ ಹೋಗದೆಯೂ ಅತಿ ಹೆಚ್ಚು ನಷ್ಟ ಮಾಡಿದ್ದು ಮುಂದಿನ ಹೆಜ್ಜೆ. ಗೆಳೆಯನೊಬ್ಬ ತನ್ನ ಹಳೆಯ ರೈಜನ್ 3 2200ಜಿ ಪ್ರೊಸೆಸರನ್ನು ಎರವಲು ಕೊಟ್ಟ. ನನ್ನ ಪ್ರೊಸೆಸರನ್ನು ತೆಗೆದು ಅದನ್ನು ಕೂರಿಸಿ ಗುಂಡಿ ಒತ್ತಿದೆ. ಅದೇ ಅರ್ಧ ಸುತ್ತು. ಹಾಗಾದರೆ ಪ್ರೊಸೆಸರ್ ನಿರ್ದೋಷಿ ಎಂದು ತೀರ್ಮಾನಿಸಿ, ನೋಟ್‌ಬುಕ್ಕಿನಲ್ಲಿ ಆ ಸಾಲಿನ ಮೇಲೆ ದಪ್ಪನೆಯ ಗೆರೆ ಎಳೆದೆ. ಆ ಗೆರೆ ನನ್ನ ನಾಲ್ಕು ಸಂಜೆಗಳನ್ನು ತಿಂದಿತು.

ಪ್ರೊಸೆಸರ್ ತೆಗೆಯುವಾಗ ಆದ ಅನಾಹುತವನ್ನೂ ಹೇಳಬೇಕು. ಎಎಂ4 ಸಾಕೆಟ್‌ನಲ್ಲಿ (ನನ್ನ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಪಿನ್‌ಗಳಿರುವುದು ಪ್ರೊಸೆಸರಿನ ಹೊಟ್ಟೆಗೆ; ಅದಕ್ಕೂ ಕೂಲರಿಗೂ ನಡುವೆ ಬಳಿಯುವ ಥರ್ಮಲ್ ಪೇಸ್ಟ್ ಹಿಡಿದುಕೊಂಡಿದ್ದರೆ, ಕೂಲರನ್ನು ನೇರವಾಗಿ ಎಳೆದಾಗ ಸಾಕೆಟ್‌ನ ಸರಳು ಬಿಗಿಯಾಗಿದ್ದರೂ ಪ್ರೊಸೆಸರ್ ಅದಕ್ಕಂಟಿಕೊಂಡೇ ಕಿತ್ತು ಬರುತ್ತದೆ. ನನಗೂ ಹಾಗೆಯೇ ಆಯಿತು, ಮೂಲೆಯ ಎರಡು ಪಿನ್‌ಗಳು ಬಾಗಿದವು. ಸೀಸ ತೆಗೆದ ಮೆಕ್ಯಾನಿಕಲ್ ಪೆನ್ಸಿಲಿನ ಮೂತಿಯನ್ನು ಪಿನ್‌ಗೆ ತೊಡಿಸಿ, ಉಸಿರು ಹಿಡಿದುಕೊಂಡು, ಅಕ್ಕಪಕ್ಕದ ಸಾಲಿಗೆ ಸಮವಾಗುವವರೆಗೆ ಎತ್ತಿದೆ. ಚಾಲೂ ಆಗುವ ಯಂತ್ರವಾದರೆ ಪೇಸ್ಟ್ ಮೆತ್ತಗಾಗುವಂತೆ ಐದು ನಿಮಿಷ ಓಡಿಸಿ ಬಿಸಿ ಮಾಡಬಹುದು. ಏಳದ ಯಂತ್ರಕ್ಕೆ ಈಗ ಕೂದಲು ಒಣಗಿಸುವ ಡ್ರೈಯರ್ ಹಿಡಿದು, ಕೂಲರನ್ನು ಅತ್ತಿತ್ತ ತಿರುಚಿ ಸಡಿಲಿಸಿದ ಮೇಲೆಯೇ ಎತ್ತುತ್ತೇನೆ.

ಇಷ್ಟಾದ ಮೇಲೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಬಿಚ್ಚಿ, ಅದು ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆ ಇಟ್ಟೆ. ಬೋರ್ಡನ್ನು ಸುತ್ತಿ ಕೊಡುವ ಆಂಟಿಸ್ಟ್ಯಾಟಿಕ್ ಚೀಲದ ಹೊರಮೈ ವಿದ್ಯುತ್ತನ್ನು ಹರಿಯಗೊಡಬಲ್ಲದಾದ್ದರಿಂದ ಅದರ ಮೇಲೆ ಇಡಬಾರದು. ಪ್ರೊಸೆಸರ್, ಕೂಲರ್, ಎರಡನೇ ಸ್ಲಾಟಿನಲ್ಲಿ ಒಂದೇ ರ‍್ಯಾಮ್, 24 ಪಿನ್ ಮತ್ತು 8 ಪಿನ್ ವಿದ್ಯುತ್ ಕೇಬಲ್, ಇವಿಷ್ಟರ ಹೊರತು ಬೇರೇನೂ ಇಲ್ಲ. ಪವರ್ ಸ್ವಿಚ್ಚಿನ ಎರಡು ಪಿನ್‌ಗಳಿಗೆ ಸ್ಕ್ರೂ ಡ್ರೈವರಿನ ತುದಿ ತಾಗಿಸಿದ ಕೂಡಲೇ ಫ್ಯಾನ್ ತಿರುಗಿತು, ತಿರುಗುತ್ತಲೇ ಇತ್ತು. ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೂ ಡಿಸ್‌ಪ್ಲೇ ಬರಲಿಲ್ಲ, ಆದರೆ ಮೂರು ವಾರದಲ್ಲಿ ಮೊದಲ ಬಾರಿಗೆ ಲಕ್ಷಣ ಬದಲಾಗಿತ್ತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನ ಬೋರ್ಡನ್ನು ಮತ್ತೆ ಕ್ಯಾಬಿನೆಟ್ಟಿಗೆ ಹಾಕಿ, ಎಸ್‌ಎಂಪಿಎಸ್ ಜೋಡಿಸದೆ, 24 ಪಿನ್ ಸಾಕೆಟಿನಲ್ಲಿ 12 ವೋಲ್ಟಿನ ಪಿನ್ನಿಗೂ ಗ್ರೌಂಡಿಗೂ ನಡುವೆ ಮೀಟರ್ ಹಿಡಿದೆ. ಒಂದು ಓಮ್ ಕೂಡ ಇಲ್ಲ, ಅಂದರೆ ಶಾರ್ಟ್. ಬೋರ್ಡನ್ನು ಹೊರತೆಗೆದು ಹಿಡಿದರೆ ಅಂಕಿ ನಿಧಾನವಾಗಿ ಏರುತ್ತ ಕೆಲವು ನೂರು ಓಮ್ ದಾಟಿತು. ಕ್ಯಾಬಿನೆಟ್ಟಿನ ತಟ್ಟೆಯಲ್ಲಿ, ಬೋರ್ಡನ್ನು ಎತ್ತಿ ಹಿಡಿದು ಸ್ಕ್ರೂಗೆ ನೆಲೆಯಾಗುವ ಪುಟ್ಟ ಲೋಹದ ಕಂಬಗಳು, ಅಂದರೆ ಒಂಬತ್ತು ಸ್ಟ್ಯಾಂಡ್‌ಆಫ್‌ಗಳಿದ್ದವು, ಬೋರ್ಡಿನಲ್ಲಿದ್ದ ತೂತುಗಳು ಎಂಟು. ನಾನು ಎಂಟು ಸ್ಕ್ರೂ ಹಾಕಿ, ಎಂಟೂ ಕೂತವೆಂದು ತೃಪ್ತಿಪಟ್ಟಿದ್ದೆನೇ ಹೊರತು ಕೆಳಗೆ ಎಷ್ಟಿವೆಯೆಂದು ಎಣಿಸಿರಲಿಲ್ಲ. ತಟ್ಟೆಯ ಕಪ್ಪು ಬಣ್ಣವನ್ನೇ ಬಳಿದುಕೊಂಡಿದ್ದ ಒಂಬತ್ತನೆಯದು, ಬೋರ್ಡಿನ ಅಡಿಯಲ್ಲಿ ಫ್ಯಾನ್ ಹೆಡರಿನ (ಫ್ಯಾನಿನ ತಂತಿ ಸಿಕ್ಕಿಸುವ ಜಾಗ) 12 ವೋಲ್ಟ್ ಪಿನ್ನಿನ ಬೆಸುಗೆಯ ತುದಿಗೆ ಸರಿಯಾಗಿ ತಾಗಿಕೊಂಡಿತ್ತು. ಬಣ್ಣ ಅಲ್ಲಿ ಚುಕ್ಕೆಯಷ್ಟು ಸವೆದಿತ್ತು. ಅದನ್ನು ಇಕ್ಕಳದಿಂದ ತಿರುಗಿಸಿ ತೆಗೆಯಲು ಅರ್ಧ ನಿಮಿಷ ಸಾಕಾಯಿತು. ಬೋರ್ಡನ್ನು ಬಿಚ್ಚದೆಯೇ ಯಾವ ಸ್ಟ್ಯಾಂಡ್‌ಆಫ್ ತಾಗುತ್ತಿದೆ ಎಂದು ಪತ್ತೆ ಮಾಡುವ ಒಂದು ಉಪಾಯವನ್ನು ಆಮೇಲೆ ಕಂಡುಕೊಂಡಿದ್ದೇನೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಒಂದು ದೋಷ ಹೋಯಿತು, ಕಂಪ್ಯೂಟರ್ ಏಳಲಿಲ್ಲ. ಬೋರ್ಡಿನ ಅಂಚಿನಲ್ಲಿ ಪ್ರೊಸೆಸರ್ ಎಂದು ಬರೆದಿದ್ದ ಪುಟ್ಟ ಕೆಂಪು ದೀಪ ಆರದೆ ಉರಿಯುತ್ತಿತ್ತು. ನೋಟ್‌ಬುಕ್ ನೋಡಿದರೆ ಪ್ರೊಸೆಸರ್ ನಿರ್ದೋಷಿಯೆಂದು ಗೆರೆ ಎಳೆದಿದೆ! ಹಾಗಾಗಿ ನಾನು ನೇರ ಮಾಡಿದ್ದ ಎರಡು ಪಿನ್‌ಗಳ ಮೇಲೆ ಗುಮಾನಿ ಬಂತು. ಭೂತಗನ್ನಡಿ ಹಿಡಿದು ಅವನ್ನು ಮತ್ತೆ ಮತ್ತೆ ಸರಿಪಡಿಸಿದೆ, ಸಾಕೆಟ್‌ಗೆ ಗಾಳಿ ಊದಿದೆ, ಬಯೋಸ್ (ಯಂತ್ರವನ್ನು ಎಬ್ಬಿಸಲು ಬೋರ್ಡಿನಲ್ಲೇ ಇರುವ ತಂತ್ರಾಂಶ) ಬ್ಯಾಟರಿಯನ್ನು ರಾತ್ರಿಯಿಡೀ ತೆಗೆದಿಟ್ಟೆ, 8 ಪಿನ್ ಕೇಬಲನ್ನು ಬದಲಾಯಿಸಿದೆ. ನಾಲ್ಕನೇ ಸಂಜೆ, ಬೇರೇನೂ ತೋಚದೆ, ಗೆಳೆಯನಿಗೆ ಹಿಂದಿರುಗಿಸಲೆಂದು ಕಟ್ಟಿಟ್ಟಿದ್ದ 2200ಜಿಯನ್ನೇ ಇನ್ನೊಮ್ಮೆ ಕೂರಿಸಿದೆ. ಇಪ್ಪತ್ತು ಇಪ್ಪತ್ತೈದು ಸೆಕೆಂಡಿನಲ್ಲಿ ಡಿಸ್‌ಪ್ಲೇ ಬಂತು.

ಶಾರ್ಟ್ ಇದ್ದಾಗ ಮಾಡಿದ ಪರೀಕ್ಷೆ ಶಾರ್ಟ್ ಇಲ್ಲದ ಸ್ಥಿತಿಗೆ ಸಾಕ್ಷಿಯಾಗುವುದಿಲ್ಲ ಎಂಬುದು ಆಗ ಹೊಳೆಯಿತು. ಎರಡು ದೋಷಗಳು ಒಂದರ ಮೇಲೊಂದು ಕೂತಿದ್ದಾಗ ಯಾವ ಭಾಗವನ್ನು ಬದಲಾಯಿಸಿದರೂ ಮೇಲಿನ ದೋಷದ ಲಕ್ಷಣವೇ ಕಾಣುತ್ತದೆ, ಆಗ ಬದಲಾಯಿಸಿದ ಭಾಗಗಳೆಲ್ಲ ಒಂದೊಂದಾಗಿ ನಿರ್ದೋಷಿಗಳೆನಿಸಿಕೊಳ್ಳುತ್ತವೆ. ಭಾಗ ಬದಲಾಯಿಸಿ ನೋಡಿ ಎಂದ ಕಸುಬುದಾರರ ದಾರಿ ದೋಷ ಒಂದೇ ಇದ್ದಾಗ ಮಾತ್ರ ಹತ್ತಿರದ್ದು. ಈಗ ನನ್ನ ನೋಟ್‌ಬುಕ್ಕಿನಲ್ಲಿ ಭಾಗಗಳ ಪಟ್ಟಿಯಿಲ್ಲ, ಲಕ್ಷಣಗಳಿಗೆ ಒಂದೊಂದು ಪುಟವಿದೆ. ಲಕ್ಷಣ ಬದಲಾದ ಕ್ಷಣ ಹೊಸ ಪುಟ ತೆರೆಯುತ್ತೇನೆ, ಹಳೆಯ ಪುಟದ ಗೆರೆಗಳಾವುವೂ ಅಲ್ಲಿಗೆ ಬರುವುದಿಲ್ಲ.

ಉಳಿದದ್ದು ಬಯೋಸಿನ ಕತೆ. ಬಿ450 ಬೋರ್ಡುಗಳು 2018ರವು, 5600 ಪ್ರೊಸೆಸರ್ ಬಂದದ್ದು 2022ರಲ್ಲಿ. ನನ್ನ ಬೋರ್ಡಿನಲ್ಲಿದ್ದ ಬಯೋಸ್‌ಗೆ ಚೀಟಿಯಲ್ಲಿದ್ದ 3000 ಸರಣಿಯ ನಂತರ ಅಂಥದ್ದೊಂದು ಪ್ರೊಸೆಸರ್ ಬಂದಿದೆಯೆಂಬುದೇ ಗೊತ್ತಿರಲಿಲ್ಲ. ಪ್ರೊಸೆಸರಿಲ್ಲದೆಯೇ ಬಯೋಸ್ ಬರೆಯುವ ಗುಂಡಿ ಕೆಲವು ಬೋರ್ಡುಗಳಲ್ಲಿರುತ್ತದೆ, ಈ ಅಗ್ಗದ ಬೋರ್ಡಿನಲ್ಲಿ ಇರಲಿಲ್ಲ. 2200ಜಿ ಕೂತಿರುವಾಗಲೇ, ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿನಿಂದ ಹೊಸ ಬಯೋಸ್ ಬರೆದೆ, ನಾಲ್ಕೈದು ನಿಮಿಷ ಹಿಡಿಯಿತು. ಬಯೋಸ್ ಚಿಪ್ 16 ಎಂಬಿಯದ್ದಾಗಿರುವ ಬೋರ್ಡುಗಳಲ್ಲಿ ಜಾಗ ಸಾಲದೆ, ಹೊಸ ಆವೃತ್ತಿಗಳಿಂದ ತೀರ ಹಳೆಯ ಪ್ರೊಸೆಸರುಗಳನ್ನು ಕೈಬಿಟ್ಟದ್ದುಂಟು, ಆದ್ದರಿಂದ ಎರವಲು ಪ್ರೊಸೆಸರಿನಿಂದ ಬರೆಯುವವರು ಆ ಆವೃತ್ತಿಯ ಟಿಪ್ಪಣಿಯನ್ನು ಮೊದಲು ಓದಬೇಕು.

ನನ್ನ ಪ್ರೊಸೆಸರನ್ನು ಮರಳಿ ಕೂರಿಸಿ ಒತ್ತಿದೆ. ಕೆಂಪು ದೀಪ ಆರಿತು, ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಹೊಸ ಪುಟ ತೆರೆದು ಕಾಲು ಗಂಟೆ ತಲೆ ಕೆಡಿಸಿಕೊಂಡ ಮೇಲೆ ನೋಡಿದರೆ, 2200ಜಿ ಪರೀಕ್ಷೆಗೆಂದು ಬೋರ್ಡಿಗೆ ಸಿಕ್ಕಿಸಿದ್ದ ಮಾನಿಟರ್ ಕೇಬಲ್ ಅಲ್ಲೇ ಇತ್ತು. 2200ಜಿಯಲ್ಲಿ ಗ್ರಾಫಿಕ್ಸ್ ಒಳಗೇ ಇದೆ, 5600ರಲ್ಲಿ ಇಲ್ಲ. ಕೇಬಲನ್ನು ಕಾರ್ಡಿಗೆ ಬದಲಾಯಿಸಿದೆ, ಕಂಪ್ಯೂಟರ್ ಎದ್ದಿತು. ಈ ಕಾಲು ಗಂಟೆಯ ವಿಷಯವನ್ನು ಆ ಆರು ಜನರಲ್ಲಿ ಯಾರಿಗೂ ನಾನು ಹೇಳಿಲ್ಲ.

ಆಮೇಲೆ ಪರಿಚಿತರ ಯಂತ್ರಗಳು ನನ್ನಲ್ಲಿಗೆ ಬರತೊಡಗಿದವು, ಈವರೆಗೆ ಹನ್ನೊಂದೋ ಹನ್ನೆರಡೋ ಆಗಿರಬೇಕು, ಒಂದರ ಹೊರತು ಎಲ್ಲವೂ ಎದ್ದಿವೆ. ಅವುಗಳಲ್ಲಿ ಒಂದು ಎಎಂ5 ಸಾಕೆಟಿನದು, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಇದ್ದದ್ದು. ಅದನ್ನು ತಂದವರು ಪ್ರತಿಸಲವೂ ಎರಡು ನಿಮಿಷ ಕಾದು ಆರಿಸುತ್ತಿದ್ದರು. ಹೊಸ ರ‍್ಯಾಮ್ ಕಂಡಾಗ ಬೋರ್ಡ್ ಅದರೊಂದಿಗೆ ವೇಗ ಹೊಂದಿಸಿಕೊಳ್ಳಲು ಹಲವು ನಿಮಿಷ ತೆಗೆದುಕೊಳ್ಳುತ್ತದೆ, ನಡುವೆ ಆರಿಸಿದರೆ ಮತ್ತೆ ಮೊದಲಿನಿಂದ ಶುರು. ನಾನು ಮಾಡಿದ್ದಿಷ್ಟೇ, ಗಡಿಯಾರ ನೋಡುತ್ತ ಕೂತೆ. ಏಳನೇ ನಿಮಿಷದ ಹೊತ್ತಿಗೆ ಡಿಸ್‌ಪ್ಲೇ ಬಂತು. ಕುತೂಹಲಕ್ಕೆ ಒಂದೇ ರ‍್ಯಾಮ್ ಇಟ್ಟು, ಬಯೋಸಿನ ಸೆಟ್ಟಿಂಗುಗಳನ್ನು ಅಳಿಸಿ ಮತ್ತೆ ಹಚ್ಚಿದಾಗ ಸುಮಾರು ಅರ್ಧ ಸಮಯ ಸಾಕಾಯಿತು. ಈಗ ಡಿಡಿಆರ್5 ಯಂತ್ರಗಳ ಮೊದಲ ಚಾಲನೆಯನ್ನು ಒಂದೇ ರ‍್ಯಾಮ್‌ನಿಂದ ಮಾಡುತ್ತೇನೆ.

ಎಲ್‌ಜಿಎ1700 ಸಾಕೆಟಿನ ಇನ್ನೊಂದು ಯಂತ್ರ ಒಂದು ರ‍್ಯಾಮ್‌ನಲ್ಲಿ ಏಳುತ್ತಿತ್ತು, ಎರಡು ಹಾಕಿದರೆ ನಿಲ್ಲುತ್ತಿತ್ತು. ಸ್ಲಾಟ್ ಸುಟ್ಟಿದೆಯೆಂದು ಬೋರ್ಡನ್ನು ಬದಲಾಯಿಸಲು ಹೊರಟಿದ್ದರು. ಈ ಸಾಕೆಟಿನಲ್ಲಿ ಪಿನ್‌ಗಳಿರುವುದು ಬೋರ್ಡಿನ ಕಡೆಗೆ, ಕೂಲರನ್ನು ಒಂದೇ ಮೂಲೆಯಲ್ಲಿ ಅತಿಯಾಗಿ ಬಿಗಿದರೆ ಮತ್ತೊಂದು ಬದಿಯ ಪಿನ್‌ಗಳ ಮೇಲೆ ಒತ್ತಡ ಕಡಿಮೆಯಾಗಿ ರ‍್ಯಾಮ್‌ನ ಒಂದು ಚಾನೆಲ್ (ಪ್ರೊಸೆಸರಿಗೆ ಹೋಗುವ ದಾರಿ) ಕಾಣೆಯಾಗಬಹುದು. ನಾಲ್ಕೂ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಿ, ಕರ್ಣದಂತೆ ಎದುರುಬದುರು ಕಾಲು ಕಾಲು ಸುತ್ತು ಬಿಗಿಯುತ್ತ ಬಂದಾಗ ಎರಡೂ ರ‍್ಯಾಮ್ ಕಾಣಿಸಿದವು. ಎಷ್ಟು ಬಿಗಿದಾಗ ಚಾನೆಲ್ ಹೋಗುತ್ತದೆಂದು ನೋಡಲು, ಒಡೆಯರ ಅನುಮತಿ ಪಡೆದೇ, ಮತ್ತೆ ಒಂದು ಮೂಲೆಯನ್ನು ಬಿಗಿದು ನೋಡಿದೆ. ಮುಕ್ಕಾಲು ಸುತ್ತು ಹೆಚ್ಚಾದಾಗ ಹೋಯಿತು. ಎಲ್ಲ ಕೂಲರಿಗೂ ಇದೇ ಲೆಕ್ಕ ಎಂದು ಹೇಳಲಾರೆ.

ಏಳದೆ ಉಳಿದ ಒಂದರಲ್ಲಿ ಬೋರ್ಡನ್ನು ರಟ್ಟಿನ ಮೇಲಿಟ್ಟರೂ 12 ವೋಲ್ಟಿನ ದಾರಿ ಶಾರ್ಟ್ ಆಗಿಯೇ ಇತ್ತು, ಅದು ಬೋರ್ಡಿನ ಬಿಡಿಭಾಗಗಳನ್ನು ಬೆಸುಗೆ ಬಿಚ್ಚಿ ರಿಪೇರಿ ಮಾಡುವವರ ಕೆಲಸ.

ಹಣದ ಲೆಕ್ಕಕ್ಕೆ ಬಂದರೆ, ಎಸ್‌ಎಂಪಿಎಸ್, ರ‍್ಯಾಮ್, ಎರಡು ಬಾರಿ ತೋರಿಸಿದ್ದರ ಪರೀಕ್ಷಾ ಶುಲ್ಕ, ಎಲ್ಲ ಸೇರಿ ಯಂತ್ರದ ವೆಚ್ಚದ ಕಾಲುಭಾಗಕ್ಕೆ ಸ್ವಲ್ಪ ಕಡಿಮೆ ವ್ಯರ್ಥವಾಯಿತು. ಪರಿಹಾರಕ್ಕೆ ಬೇಕಾದದ್ದು ಒಂದು ಕ್ಯಾಬಿನೆಟ್ ಫ್ಯಾನಿಗಿಂತ ಕಡಿಮೆ ಬೆಲೆಯ ಮಲ್ಟಿಮೀಟರ್, ಎರವಲು ಪ್ರೊಸೆಸರ್ ಮತ್ತು ಥರ್ಮಲ್ ಪೇಸ್ಟಿನ ಒಂದು ಟ್ಯೂಬ್. ಯಂತ್ರದಲ್ಲಿ ಇಂದಿಗೂ ಓಡುತ್ತಿರುವುದು ಆ ಮೂವರು ಹೋಗಿದೆ ಎಂದಿದ್ದ ಹಳೆಯ 550 ವ್ಯಾಟ್‌ನದೇ. ಹೆಚ್ಚುವರಿ ರ‍್ಯಾಮನ್ನು ಅರ್ಧ ಬೆಲೆಗೆ ಮಾರಿದೆ, 750 ವ್ಯಾಟ್‌ನದನ್ನು ಪರೀಕ್ಷೆಯ ಮೇಜಿಗೆ ಖಾಯಂ ಮಾಡಿದ್ದೇನೆ. ಗೆಳೆಯನ 2200ಜಿಯನ್ನು ಹಿಂದಿರುಗಿಸಲಿಲ್ಲ, ಬೆಲೆ ಕೊಟ್ಟು ಇಟ್ಟುಕೊಂಡೆ. ಅದಾದ ಮೇಲೆ ಇನ್ನೂ ಮೂರು ಬಿ450 ಬೋರ್ಡುಗಳ ಬಯೋಸ್ ಅದರಿಂದಲೇ ಬರೆದಿದ್ದೇನೆ.