ಹೊತ್ತು ಕಳೆದವರು ನಾವೇ

ನಮ್ಮ ಎಮರ್ಜೆನ್ಸಿಯ ಗೋಡೆ ಗಡಿಯಾರ ಐದು ನಿಮಿಷ ಮುಂದಿತ್ತು, ಸಿ.ಟಿ. ಸ್ಕ್ಯಾನ್ ಕೋಣೆಯದು ಮೂರು ನಿಮಿಷ ಹಿಂದೆ. ಲಕ್ವ ಹೊಡೆದು ಬಂದವರ ವೇಳೆ ಬರೆದಿಡಲು ಶುರು ಮಾಡಿದ ಮೊದಲ ವಾರ ಗೊತ್ತಾದದ್ದೇ ಇದು. ನನ್ನ ನೋಟ್‌ಬುಕ್ಕಿನ ಪ್ರಕಾರ ಒಬ್ಬ ರೋಗಿ ಇಲ್ಲಿಂದ ಹೊರಡುವ ಮೊದಲೇ ಅಲ್ಲಿ ತಲುಪಿಬಿಟ್ಟಿದ್ದರು! ಅಂದಿನಿಂದ ಎಲ್ಲರೂ ಮೊಬೈಲಿನ ವೇಳೆಯನ್ನೇ ಬರೆಯುವುದು ಎಂದು ಮಾಡಿಕೊಂಡೆವು.

ನಾನು ನರ್ಸಿಂಗ್ ಆಫೀಸರ್. ನೋಟ್‌ಬುಕ್ ಹಿಡಿಯಲು ಕಾರಣ ಒಬ್ಬ ಹೆಂಗಸು. ಎಡಗೈ, ಎಡಗಾಲು ಬಿದ್ದುಹೋಗಿ ಎರಡು ಗಂಟೆಯೊಳಗೇ ಬಂದಿದ್ದರು. ಮಿದುಳಿನ ರಕ್ತನಾಳ ಕಟ್ಟಿದ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಲಕ್ವ ಹೊಡೆದಾಗಿನಿಂದ ನಾಲ್ಕೂವರೆ ಗಂಟೆಯ ಗಡುವು. ಒಪಿಡಿ ಚೀಟಿ, ಅಡ್ಮಿಷನ್ ಕೌಂಟರ್, ಲಿಫ್ಟಿಗೆ ಕಾಯುವುದು, ಸಿ.ಟಿ.ಯ ಸಾಲು, ರಿಪೋರ್ಟು ಎಲ್ಲ ಮುಗಿಯುವಷ್ಟರಲ್ಲಿ ಆ ಗಡುವು ದಾಟಿತ್ತು. ಪಾರಿವಾಳದ ರಕ್ತ ಹಚ್ಚಿಸಿಕೊಂಡು, ನಾಟಿ ಔಷಧಿ ಮುಗಿಸಿ, ಮೂರನೇ ದಿನ ಬರುತ್ತೀರಲ್ಲ ಎಂದು ಹಳ್ಳಿಯವರನ್ನು ಬೈಯುವುದು ನಮಗೆಲ್ಲ ರೂಢಿ. ಈ ಮನೆಯವರು ಎಲ್ಲಿಗೂ ಹೋಗದೆ ನೇರ ನಮ್ಮಲ್ಲಿಗೆ ಬಂದಿದ್ದರು.

ಬದಲಾಯಿಸಿದ್ದು ದೊಡ್ಡದೇನಲ್ಲ. ಚೀಟಿ ಆಮೇಲೆ, ರೋಗಿ ಮೊದಲು. ಮುಖ ಸೊಟ್ಟಗಾಗಿದೆ, ಕೈ ಎತ್ತಲಾಗುತ್ತಿಲ್ಲ, ಮಾತು ತೊದಲುತ್ತಿದೆ ಎಂದರೆ ಬಾಗಿಲಲ್ಲೇ ಸಕ್ಕರೆ ನೋಡಿ, ರಕ್ತನಾಳಕ್ಕೆ ಸೂಜಿ ಹಾಕಿ, ಆಂಬ್ಯುಲೆನ್ಸಿನ ಸ್ಟ್ರೆಚರಿನಲ್ಲೇ ಸಿ.ಟಿ.ಗೆ. ಮಂಚಕ್ಕೆ ಇಳಿಸುವುದು, ಮತ್ತೆ ಎತ್ತುವುದು ಇಲ್ಲ. ಇದು ನಮ್ಮ ಬುದ್ಧಿಯಲ್ಲ, ಫಿನ್‌ಲೆಂಡಿನ ಹೆಲ್ಸಿಂಕಿಯವರದು. 1998ರಲ್ಲಿ ಅಲ್ಲಿ ಬಾಗಿಲಿನಿಂದ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ 105 ನಿಮಿಷ ಹಿಡಿಯುತ್ತಿತ್ತು. ಒಂದೊಂದೇ ತೊಡಕು ಬಿಡಿಸುತ್ತ 2011ರ ಹೊತ್ತಿಗೆ 20ಕ್ಕೆ ಇಳಿಸಿದರು. ನಮ್ಮ ಫಿಸಿಷಿಯನ್ ಇದನ್ನು ಹೇಳಿದಾಗ ವಾರ್ಡಿನಲ್ಲಿ ನಗು. ಅವರಿಗೆ ನಮ್ಮ ಲಿಫ್ಟು ಗೊತ್ತಿಲ್ಲ ಎಂದರು ಒಬ್ಬರು.

ಸಕ್ಕರೆ ನೋಡುವುದನ್ನು ಮಾತ್ರ ಬಿಡಲಿಲ್ಲ; ಅದು ತೀರ ಇಳಿದರೂ ಲಕ್ವದಂತೆಯೇ ಕಾಣುತ್ತದೆ. ಶುಗರ್ ಮಾತ್ರೆ ನುಂಗಿ, ಉಪವಾಸ ಮಾಡಿ, ಒಂದು ಕೈ ಸೋತು ಬಂದ ಅಜ್ಜಿಯ ಸಕ್ಕರೆ 42 ಇತ್ತು. ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್, ಹೋದ ಸ್ವಲ್ಪ ಹೊತ್ತಿಗೆ ಅದೇ ಕೈಯಲ್ಲಿ ಸೆರಗು ಸರಿಮಾಡಿಕೊಂಡರು.

ಇಂಜೆಕ್ಷನ್ ಕೊಡುವುದು ತೂಕ ನೋಡಿ. ಆಲ್ಟಿಪ್ಲೇಸ್ ಎಂಬ ಔಷಧಿಯಾದರೆ ಕಿಲೋಗೆ 0.9 ಮಿಲಿಗ್ರಾಂ, 90 ಮೀರುವಂತಿಲ್ಲ. ಹತ್ತನೇ ಒಂದು ಪಾಲು ಒಮ್ಮೆಗೇ, ಉಳಿದದ್ದು ಒಂದು ಗಂಟೆಯಲ್ಲಿ. ನಿಲ್ಲಲಾಗದವರ ತೂಕ ನೋಡುವುದು ಹೇಗೆ? ಮನೆಯವರನ್ನು ಕೇಳಿದರೆ ಒಬ್ಬರು ಐವತ್ತು ಅನ್ನುತ್ತಾರೆ, ಇನ್ನೊಬ್ಬರು ಎಪ್ಪತ್ತು. ಸ್ಟೋರಿನಲ್ಲಿ ಮೂಟೆ ತೂಗುವ ತಕ್ಕಡಿಯೊಂದು ಬಿದ್ದಿತ್ತು. ಅದನ್ನು ಸಿ.ಟಿ. ಬಾಗಿಲಿಗೆ ತಂದೆವು. ಸ್ಟ್ರೆಚರಿನ ತೂಕವನ್ನು ಅದರ ಕಾಲಿಗೇ ಪೇಂಟಿನಲ್ಲಿ ಬರೆಸಿದೆವು. ಕಳೆದರೆ ಆಯಿತು.

ಕಷ್ಟವಾದದ್ದು ವೇಳೆ ಕೇಳುವುದು. ‘ಬೆಳಿಗ್ಗೆ ಆರಕ್ಕೆ ಹೊಡೀತು’ ಅನ್ನುತ್ತಾರೆ. ಆರಕ್ಕೆ ನೋಡಿದ್ದು ಅಷ್ಟೇ, ಹೊಡೆದದ್ದು ನಿದ್ದೆಯಲ್ಲಿ ಎಷ್ಟು ಹೊತ್ತಿಗೋ. ನಮಗೆ ಬೇಕಾದದ್ದು ಕೊನೆಯ ಸಲ ಸರಿಯಿದ್ದದ್ದು ಯಾವಾಗ ಎಂಬುದು. ಹಾಗೆಂದು ಕೇಳಿದರೆ ಗಾಬರಿಯಲ್ಲಿದ್ದವರಿಗೆ ಅರ್ಥವಾಗುವುದಿಲ್ಲ. ಡೈರಿಗೆ ಹಾಲು ಹಾಕಿ ಬಂದಿದ್ದರಾ? ರಾತ್ರಿ ಯಾವ ಸೀರಿಯಲ್ ಬರುತ್ತಿತ್ತು? ಕೊನೆಗೆ ಫೋನು ಮಾಡಿದ್ದು ಯಾರಿಗೆ? ಒಬ್ಬರಿಗೆ ಎಂಟಕ್ಕೆ ಹೊಡೆಯಿತೆಂದು ಮಗ ಹೇಳುತ್ತಿದ್ದ. ಮೊಬೈಲು ತೆಗೆದು ನೋಡಿದರೆ 8.40ಕ್ಕೆ ಮಗಳ ಜೊತೆ ಚೆನ್ನಾಗಿ ಮಾತಾಡಿದ್ದರು. ಆ ನಲವತ್ತು ನಿಮಿಷದಿಂದಲೇ ಅವರಿಗೆ ಇಂಜೆಕ್ಷನ್ ಸಿಕ್ಕಿತು.

ಬಿ.ಪಿ. ವಿಚಾರದಲ್ಲಿ ಹಳೆಯ ಕೈಚಳಕವೊಂದಿತ್ತು. ಜಾಸ್ತಿ ಕಂಡ ಕೂಡಲೇ ನಿಫೆಡಿಪಿನ್ ಕ್ಯಾಪ್ಸೂಲು ಚುಚ್ಚಿ ನಾಲಿಗೆಯಡಿ ಹಿಂಡುವುದು. ನಾನೂ ಮಾಡಿದ್ದೇನೆ. ಧಡಕ್ಕನೆ ಬಿ.ಪಿ. ಇಳಿದರೆ ಅರೆಜೀವವಾಗಿರುವ ಮಿದುಳಿಗೆ ಇದ್ದಬದ್ದ ರಕ್ತವೂ ತಪ್ಪುತ್ತದೆ. ಹೆಪ್ಪು ಕರಗಿಸುವುದಿದ್ದರೆ 185/110ಕ್ಕಿಂತ ಕೆಳಗೆ ತರಬೇಕು, ಅದೂ ಡ್ರಿಪ್ಪಿನಲ್ಲಿ ನಿಧಾನ. ರಕ್ತನಾಳ ಕಟ್ಟಿದೆ, ಆದರೆ ಇಂಜೆಕ್ಷನ್ ಇಲ್ಲ ಎಂದರೆ 220/120ರವರೆಗೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಡ್ಯೂಟಿ ಡಾಕ್ಟರಿಗೆ ಸಿಸ್ಟರ್ ಇದನ್ನು ಹೇಳುವುದು ಎಂದರೆ ಏನೆಂದು ಸಿಸ್ಟರುಗಳಿಗೇ ಗೊತ್ತು.

ಆದರೂ ಇಂಜೆಕ್ಷನ್ ಸಿಗುವವರು ಕೆಲವರೇ. ಮಿಕ್ಕವರೆಲ್ಲ ವಾರ್ಡಿಗೆ, ಅಂದರೆ ನಮ್ಮ ಕೈಗೆ. 2011ರಲ್ಲಿ ಆಸ್ಟ್ರೇಲಿಯದ ನರ್ಸುಗಳು ಮೊದಲ ಮೂರು ದಿನ ಜ್ವರ, ಸಕ್ಕರೆ, ನುಂಗುವ ಶಕ್ತಿ ಈ ಮೂರನ್ನೇ ಕಟ್ಟುನಿಟ್ಟಾಗಿ ನೋಡಿಕೊಂಡ ಅಧ್ಯಯನ ಬಂತು. ತೊಂಬತ್ತು ದಿನಕ್ಕೆ ಸತ್ತವರು ಅಥವಾ ಪರಾಧೀನರಾದವರು ಅವರ ಕಡೆ ನೂರಕ್ಕೆ 42, ಎಂದಿನಂತೆ ನಡೆದ ಕಡೆ 58. ಹೊಸ ಔಷಧಿಯಿಲ್ಲ, ಯಂತ್ರವಿಲ್ಲ.

ನುಂಗುವುದೇ ನಮ್ಮಲ್ಲಿ ಜಗಳದ ಮೂಲ. ‘ಬಾಯಿ ಒಣಗಿದೆ ಸಿಸ್ಟರ್, ಒಂದು ಗುಟುಕು’ ಎಂದು ಎಳನೀರು, ಕಾಫಿ, ಗಂಜಿ ಬರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ. ಈಗ ಬಂದವರನ್ನು ನೆಟ್ಟಗೆ ಕೂರಿಸಿ, ಒಂದು ಚಮಚ ನೀರು, ಮತ್ತೊಂದು, ಮೂರನೆಯದು. ಕೆಮ್ಮಿದರೆ, ಮಾತಿನಲ್ಲಿ ನೀರು ಗೊರಗುಟ್ಟಿದರೆ ಅಲ್ಲಿಗೇ ನಿಲ್ಲಿಸಿ ಮೂಗಿನಿಂದ ಹೊಟ್ಟೆಗೆ ನಳಿಕೆ. ‘ಬಾಯಿಗೆ ಏನೂ ಬೇಡ’ ಎಂದು ಮಂಚಕ್ಕೆ ಬೋರ್ಡು ತೂಗಿಸಿದೆವು. ಮುದುಕನನ್ನು ಉಪವಾಸ ಕೆಡವಿದರು ಎಂದು ಮನೆಯವರು ಕೂಗಾಡಿದರು. ರಾತ್ರಿ ಕದ್ದು ಇಡ್ಲಿ ತಿನ್ನಿಸಿದ್ದೂ ಇದೆ. ಆಮೇಲೆ ಅವರ ಕೈಗೇ ಒದ್ದೆ ಬ್ಯಾಂಡೇಜು ಬಟ್ಟೆ ಕೊಟ್ಟು, ಗಂಟೆಗೊಮ್ಮೆ ತುಟಿ, ಬಾಯಿ ಒರೆಸಲು ಹೇಳಿದೆ. ಏನಾದರೂ ಮಾಡಬೇಕೆನ್ನುವ ಕೈಗೆ ಕೆಲಸ ಸಿಕ್ಕಿತು, ಜಗಳ ಬಹಳ ಕಡಿಮೆಯಾಯಿತು.

ಹಗಲಲ್ಲಿ ಈಗ ಗಂಟೆಯೊಳಗೆ ಇಂಜೆಕ್ಷನ್ ಹೋಗುವುದುಂಟು. ರಾತ್ರಿ ಸಿ.ಟಿ. ಟೆಕ್ನಿಷಿಯನ್ ಮನೆಯಿಂದ ಬರಬೇಕು. ನೋಟ್‌ಬುಕ್ಕಿನಲ್ಲಿ ರಾತ್ರಿಯ ವೇಳೆಗಳನ್ನು ಕೆಂಪು ಇಂಕಿನಲ್ಲಿ ಬರೆಯುತ್ತೇನೆ; ಹೋದ ತಿಂಗಳು ಆ ಪೆನ್ನಿನ ರೀಫಿಲ್ಲೇ ಮುಗಿಯಿತು.