ಮೂವತ್ತೆರಡನೆಯ ಸೆಕೆಂಡಿಗೆ ಕಡಿಯುತ್ತಿದ್ದ ಕರೆ

ಶಿರಸಿಯ ಅಡಿಕೆ ವಖಾರಿಯೊಂದಕ್ಕೆ ನಾನು ಆಸ್ಟೆರಿಸ್ಕ್ ಸರ್ವರ್ (ಅಂತರಜಾಲದ ಮೂಲಕ ಫೋನ್ ಕರೆಗಳನ್ನು ನಡೆಸುವ ತಂತ್ರಾಂಶದ ಗಣಕ) ಕೂರಿಸಿಕೊಟ್ಟ ವಾರದಲ್ಲೇ ದೂರು ಬಂದಿತು. ಇಲ್ಲಿಂದ ಮಾಡುವ ಕರೆಗಳು ಸರಿಯಾಗಿದ್ದವು. ಹೊರಗಿನಿಂದ ಬರುವ ಕರೆಗಳು ಮಾತ್ರ, ಸಿದ್ದಾಪುರದ ಬೆಳೆಗಾರರು ಅಂದಿನ ರಾಶಿ ಅಡಿಕೆಯ ದರ ಕೇಳಿ ಮುಗಿಸುವುದರೊಳಗೆ ಕಡಿದುಹೋಗುತ್ತಿದ್ದವು. ಮಳೆಗಾಲವಾದ್ದರಿಂದ ಎಲ್ಲರ ಅನುಮಾನವೂ ಫೈಬರ್ ತಂತಿಯ ಮೇಲಿತ್ತು. ಆದರೆ ಗಡಿಯಾರ ಹಿಡಿದು ನೋಡಿದ ಐದು ಕರೆಗಳೂ ಎತ್ತಿದ 32 ಸೆಕೆಂಡಿಗೇ ನಿಂತವು. ಹಾಳಾದ ತಂತಿ ಹೀಗೆ ಒಂದೇ ಲೆಕ್ಕದಲ್ಲಿ ಕೈಕೊಡುವುದಿಲ್ಲ.

ಈ 32 ಸೆಕೆಂಡು, ಅಂತರಜಾಲದ ಕರೆಗಳನ್ನು ಜೋಡಿಸಿ ಮುಗಿಸುವ ಸಿಪ್ ಎಂಬ ನಿಯಮಾವಳಿಯದೇ ಸಂಖ್ಯೆ. ಅದನ್ನು ವಿವರಿಸುವ 2002ರ ದಾಖಲೆ ಆರ್‌ಎಫ್‌ಸಿ 3261ರ ಪ್ರಕಾರ, ಕರೆ ಎತ್ತಿದವರು ಕಳಿಸುವ 200 ಓಕೆ ಎಂಬ ಉತ್ತರಕ್ಕೆ ಕರೆದವರ ಕಡೆಯಿಂದ ಆಕ್ ಎಂಬ ಒಪ್ಪಿಗೆ ಬರಬೇಕು. ಬಾರದಿದ್ದರೆ ಅರ್ಧ ಸೆಕೆಂಡಿಗೆ, ಆಮೇಲೆ ಒಂದು, ಎರಡು, ನಾಲ್ಕು ಸೆಕೆಂಡುಗಳ ಅಂತರದಲ್ಲಿ ಅದೇ ಉತ್ತರವನ್ನು ಮತ್ತೆ ಮತ್ತೆ ಕಳಿಸಿ, ಅರ್ಧ ಸೆಕೆಂಡಿನ 64 ಪಟ್ಟು ಕಾದು, ಬೈ ಎಂಬ ಸಂದೇಶ ಕಳಿಸಿ ಕರೆಯನ್ನು ಮುಗಿಸಬೇಕು. ಸಿಪ್ ಸಂದೇಶಗಳನ್ನು ತೋರಿಸುವ ಎಸ್‌ಎನ್‌ಗ್ರೆಪ್ ತೆರೆದಾಗ ಕಂಡದ್ದೂ ಅದೇ: ಕರೆಯ ಕೋರಿಕೆಯಾದ ಇನ್‌ವೈಟ್ ಬಂದಿತ್ತು, ಅದಕ್ಕೆ ಟ್ರೈಯಿಂಗ್ ಮತ್ತು ರಿಂಗಿಂಗ್ ಎಂಬ ನಡುವಿನ ಉತ್ತರಗಳು ಹೋಗಿದ್ದವು, ಅದರ ಕೆಳಗೆ 200 ಓಕೆಯ ಸಾಲು ಹನ್ನೊಂದು ಸಲ. ಆಕ್ ಒಂದೂ ಇರಲಿಲ್ಲ.

ಮೊದಲು, ಸಿಪ್ ಸಂದೇಶಗಳನ್ನು ದಾರಿಯಲ್ಲೇ ತಿದ್ದುವ ರೂಟರಿನ ಸಿಪ್ ಎಎಲ್‌ಜಿ ಸೌಲಭ್ಯವನ್ನು ಆಫ್ ಮಾಡಿದೆ, ಫಲ ಸಿಗಲಿಲ್ಲ. ಆಮೇಲೆ 200 ಓಕೆಯನ್ನು ಬಿಡಿಸಿ ಸಾಲುಸಾಲಾಗಿ ಓದಿದಾಗ ಮುಂದಿನ ಸಂದೇಶಗಳನ್ನು ಎಲ್ಲಿಗೆ ಕಳಿಸಬೇಕೆಂದು ಹೇಳುವ ಕಾಂಟ್ಯಾಕ್ಟ್ ಹೆಡರಿನಲ್ಲಿ 192.168.1.10 ಎಂಬ ವಖಾರಿಯೊಳಗಿನ ವಿಳಾಸ ಕಂಡಿತು. ನಮ್ಮ ಉತ್ತರಗಳು ಇನ್‌ವೈಟ್ ಬಂದ ದಾರಿಯಲ್ಲೇ ಹಿಂದಿರುಗುವುದರಿಂದ ತಲುಪುತ್ತಿದ್ದವು; ಆದರೆ 200 ಓಕೆಗೆ ಬರುವ ಆಕ್ ಹೊಸದಾಗಿ ಹೊರಡುವ ಸಂದೇಶ, ಅದು ಕಾಂಟ್ಯಾಕ್ಟಿನಲ್ಲಿ ಬರೆದ ವಿಳಾಸವನ್ನು ಹುಡುಕಿಕೊಂಡು ಹೋಗುತ್ತದೆ. ಖಾಸಗಿ ವಿಳಾಸಕ್ಕೆ ಅಂತರಜಾಲದಲ್ಲಿ ದಾರಿಯಿಲ್ಲ. ಧ್ವನಿ ಎರಡೂ ಕಡೆ ಸ್ಪಷ್ಟವಾಗಿದ್ದುದೇ ನನ್ನನ್ನು ದಾರಿ ತಪ್ಪಿಸಿತ್ತು: ಧ್ವನಿಯ ಪ್ಯಾಕೆಟ್‌ಗಳು ಬೇರೆಯಾಗಿಯೇ ಓಡುತ್ತವೆ, ನಮಗೆ ಫೋನ್ ಸೇವೆ ಕೊಡುವವರು ತಮ್ಮ ಪ್ಯಾಕೆಟ್‌ಗಳನ್ನು ನಮ್ಮವು ಬಂದ ಕಡೆಗೇ ಮರಳಿಸುತ್ತಿದ್ದರು.

ಆಸ್ಟೆರಿಸ್ಕಿನ ಸಿಪ್ ಘಟಕವಾದ ಪಿಜೆಸಿಪ್‌ನ ಸಂಯೋಜನೆಯಲ್ಲಿ, ಟ್ರಾನ್ಸ್‌ಪೋರ್ಟ್ ಭಾಗದಲ್ಲಿ ಎಕ್ಸ್‌ಟರ್ನಲ್ ಸಿಗ್ನಲಿಂಗ್ ಅಡ್ರೆಸ್ ಮತ್ತು ಎಕ್ಸ್‌ಟರ್ನಲ್ ಮೀಡಿಯಾ ಅಡ್ರೆಸ್ ಎಂಬಲ್ಲಿ ವಖಾರಿಯ ಸ್ಥಿರ ಸಾರ್ವಜನಿಕ ವಿಳಾಸವನ್ನೂ, ಲೋಕಲ್ ನೆಟ್ ಎಂಬಲ್ಲಿ ಒಳಜಾಲವನ್ನೂ ಬರೆದೆ. ಲೋಕಲ್ ನೆಟ್ ಬರೆಯದೆ ಬಿಟ್ಟರೆ ಒಳಗಿನ ಫೋನುಗಳಿಗೂ ಹೊರವಿಳಾಸವೇ ಹೋಗಿ ಇನ್ನೊಂದು ತೊಡಕು ಹುಟ್ಟುತ್ತದೆ. ರೀಲೋಡ್ ಮಾಡಿ ಹೊಸ ಸಂಯೋಜನೆಯನ್ನು ಓದಿಸಿದರೂ ಹಳೆಯ ವಿಳಾಸವೇ ಹೋಗುತ್ತಿದ್ದುದರಿಂದ ಒಂದು ಗಂಟೆ ಕಳೆಯಿತು; ಟ್ರಾನ್ಸ್‌ಪೋರ್ಟಿನ ಬದಲಾವಣೆಗೆ ಸಾಮಾನ್ಯವಾಗಿ ಆಸ್ಟೆರಿಸ್ಕನ್ನೇ ಮರಳಿ ಚಾಲೂ ಮಾಡಬೇಕು.

ಮರುಚಾಲನೆಯ ನಂತರ ನನ್ನ ಮೊಬೈಲಿನಿಂದ ವಖಾರಿಗೆ ಕರೆ ಮಾಡಿದೆ. ಪರದೆಯ ಮೇಲೆ 200 ಓಕೆ ಒಂದೇ ಸಲ ಮೂಡಿತು, ಅದರ ಕೆಳಗಿನ ಸಾಲಿನಲ್ಲೇ ಆಕ್ ಬಂದು ಕೂತಿತ್ತು. ಆದರೂ ಗಡಿಯಾರದ ಮುಳ್ಳು 33 ದಾಟುವವರೆಗೆ ನಾನು ಫೋನ್ ಇಡಲಿಲ್ಲ.