ಗಿರಿ ಕಡೆಯ ಸಗಣಿ ಹುಳಗಳು: ನಾನು ಗುರುತಿಸುವ ಬಗೆ

ಬಾಬಾಬುಡನ್‌ಗಿರಿ ಸಾಲಿನಲ್ಲಿ ಮೇಲೆ ಬೋಳು ಹುಲ್ಲುಗಾವಲು, ಕಣಿವೆಗಳಲ್ಲಿ ಶೋಲಾ ಅನ್ನುವ ದಟ್ಟ ಕುಳ್ಳ ಕಾಡು, ಕೆಳಗೆ ಕಾಫಿ ತೋಟ. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹುಳ ಹಿಡಿಯುವ ಹಾಗಿಲ್ಲ. ಅದಕ್ಕೇ ನಾನು ತೋಟದಲ್ಲಿ, ಅದರ ಬೇಲಿಯಾಚೆಯ ಬಯಲಲ್ಲಿ ನೋಡುತ್ತೇನೆ. ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಬೇಸಿಗೆ ಮಳೆ, ಬಿದ್ದ ಮೇಲಿನ ವಾರಗಳು ಒಳ್ಳೆಯವು. ಜುಲೈನಲ್ಲಿ ಸಗಣಿಯೇ ಕೊಚ್ಚಿಹೋಗುತ್ತದೆ, ಇಂಬಳದ ಕಾಟ ಬೇರೆ.

ಹುಳ ಬಂದು ಬೀಳಲೆಂದು ಪ್ಲಾಸ್ಟಿಕ್ ಡಬ್ಬಿಯ ಬಾಯಿ ನೆಲಕ್ಕೆ ಸಮವಾಗುವಂತೆ ಹೂಳುತ್ತೇನೆ. ತಳಕ್ಕೆ ಸಣ್ಣ ತೂತು, ಒಳಗೆ ಒಂದಿಷ್ಟು ತರಗೆಲೆ. ಬಟ್ಟೆಯಲ್ಲಿ ಕಟ್ಟಿದ ಹಸಿ ಸಗಣಿಯನ್ನು ಮೇಲೆ ಅಡ್ಡಕಡ್ಡಿಗೆ ತೂಗುಹಾಕುತ್ತೇನೆ. ಸಗಣಿ ಐವರ್ಮೆಕ್ಟಿನ್ ಕೊಟ್ಟ ದನದ್ದಾಗಿರಬಾರದು. ಆ ಜಂತುಹುಳದ ಔಷಧಿ ಸಗಣಿಯಲ್ಲೂ ಉಳಿದು ಹುಳದ ಮರಿಗಳನ್ನು ಕೊಲ್ಲುತ್ತದೆ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಡಬ್ಬಿ ನೋಡಬೇಕು. ಕಾಪ್ರಿಸ್‌ನಂಥ ದಪ್ಪ ಹುಳಗಳು ರಾತ್ರಿ ಬರುತ್ತವೆ, ಉಂಡೆ ಉರುಳಿಸುವವು ಹೆಚ್ಚಾಗಿ ಹಗಲಲ್ಲಿ.

ಸಗಣಿಯಲ್ಲೇ ಕಂಡ ಹುಳವಾದರೆ ಎತ್ತುವ ಮೊದಲೇ ಬರೆದುಕೊಳ್ಳಿ: ನೆರಳೋ ಬಯಲೋ, ದನದ ಸಗಣಿಯೋ ಕಾಟಿಯದೋ (ಕಾಡುಕೋಣದ್ದೋ), ಉಂಡೆ ಉರುಳಿಸುತ್ತಿತ್ತೋ, ಸಗಣಿ ಕೆಳಗೇ ಬಿಲ ತೋಡುತ್ತಿತ್ತೋ, ಸಗಣಿಯೊಳಗೇ ಇತ್ತೋ. ಅರ್ಧ ಗುರುತು ಇಲ್ಲೇ ಸಿಗುತ್ತದೆ. ಹುಳ ಡಬ್ಬಿಗೆ ಬಿದ್ದ ಮೇಲೆ ಇದು ಯಾವುದೂ ತಿಳಿಯುವುದಿಲ್ಲ, ಅಲ್ವಾ?

ಮಿಕ್ಕಿದ್ದಕ್ಕೆ ಲೆನ್ಸ್. ಮೊದಲು ಹಿಂಗಾಲು. ಕಾಲಿನ ಉದ್ದ ಗೆಣ್ಣು ಮುಗಿಯುವಲ್ಲಿ ಮುಳ್ಳು ಒಂದೇ ಇದ್ದರೆ ಅದು ಅಸಲಿ ಸಗಣಿ ಹುಳದ ಗುಂಪು, ಸ್ಕಾರಬೇಯಿನೇ. ಎರಡಿದ್ದರೆ ಆಫೋಡಿಯಸ್ ಎಂಬ ಸಣ್ಣ ಸಗಣಿ ಹುಳಗಳ ಕಡೆಯದು. ಮೈ ಗುಂಡಗೆ, ಹಿಂಗಾಲು ಜೇಡನ ಕಾಲಿನಂತೆ ಉದ್ದ ಇದ್ದರೆ ಸಿಸಿಫಸ್. ರೆಕ್ಕೆಕವಚದ ಅಂಚು ಭುಜದ ಹಿಂದೆ ಕಚ್ಚಿ ತೆಗೆದಂತೆ ಒಳಸರಿದಿದ್ದರೆ ಜಿಮ್ನೋಪ್ಲ್ಯೂರಸ್ ಅಥವಾ ಅದರ ಹತ್ತಿರದ ನೆಂಟ.

ತಲೆನೋವು ಅಂದರೆ ಆಂಥೋಫಾಗಸ್ ಕುಲದ ಹುಳಗಳು. ಜಾಸ್ತಿ ಸಿಗುವುದೂ ಅದೇ. ದಪ್ಪ ಗಂಡಿಗೆ ಕೊಂಬು ಉದ್ದ, ಅದೇ ಜಾತಿಯ ಸಣ್ಣ ಗಂಡಿಗೆ ಬರೀ ಗುಬುಟು. ಕೊಂಬು ನೋಡಿ ಎರಡು ಜಾತಿ ಎಂದುಕೊಳ್ಳುವುದು ಸುಲಭ. ಹೆಣ್ಣು ಒಂಟಿಯಾಗಿ ಸಿಕ್ಕರಂತೂ ಇನ್ನೂ ಕಷ್ಟ. ಭಾರತದ ಈ ಹುಳಗಳಿಗೆ ಗಿಲ್ಬರ್ಟ್ ಆರೋ ಎಂಬ ಬ್ರಿಟಿಷ್ ಕೀಟತಜ್ಞ 1931ರಲ್ಲಿ ಮಾಡಿಟ್ಟ ಗುರುತುಪಟ್ಟಿಯನ್ನು ಈಗಲೂ ತೆರೆದು ನೋಡುತ್ತೇನೆ, ಆದರೆ ಹೆಸರುಗಳು ಎಷ್ಟೋ ಬದಲಾಗಿವೆ. ಹಲವು ಜಾತಿಗಳಿಗೆ ಗಂಡಿನ ಜನನಾಂಗ ಬಿಡಿಸಿ ನೋಡದೆ ಖಾತ್ರಿಯಾಗುವುದಿಲ್ಲ. ಅಂಥವಕ್ಕೆ ಸುಮ್ನೆ ಕುಲದ ಹೆಸರಷ್ಟೇ ಬರೆದು, ಜಾಗ, ಎತ್ತರ, ತಾರೀಖು ಸೇರಿಸಿ, ಹುಳವನ್ನು ಬಿಟ್ಟುಬಿಡುತ್ತೇನೆ.